ಹಾಸನದ ಗಾಳಿಯಲ್ಲಿ ಎಸಿ ಕಾಪಾಡುವುದು: ಹೊದಿಕೆ, ಕಟ್ಟೆ, ಸ್ಟೆಬಿಲೈಸರ್‌ಗಳ ಮೂರು ಮಳೆಗಾಲದ ಲೆಕ್ಕ

ಬಡವರ ಊಟಿ ಎನಿಸಿದ ಹಾಸನದಲ್ಲಿ ಎಸಿ ಯಾಕೆ ಎಂದು ಕೇಳದ ನೆಂಟರಿಲ್ಲ. ನಮ್ಮ ತಾರಸಿಯ ಕೆಳಗಿನ ಕೋಣೆಯಲ್ಲಿ ಏಪ್ರಿಲ್‌ನ ಒಂದು ಮಧ್ಯಾಹ್ನ ಮಲಗಿ ನೋಡಿ ಎನ್ನುತ್ತೇನೆ. 2023ರ ಮಾರ್ಚ್‌ನಲ್ಲಿ ಒಂದೂವರೆ ಟನ್ನಿನ ಸ್ಪ್ಲಿಟ್ ಎಸಿ ಹಾಕಿಸಿದೆ. ಎಸಿಯ ಮೇಲೆ ದೂರಿಲ್ಲ; ಅದನ್ನು ಕಾಪಾಡಲೆಂದು ಕೊಂಡ ಸಾಮಾನುಗಳ ಬಗ್ಗೆ ಹೇಳುವುದಿದೆ.

ಮೊದಲು ಕೊಂಡದ್ದು 700 ರೂಪಾಯಿಯ ಪ್ಲಾಸ್ಟಿಕ್ ಹೊದಿಕೆ. ಎಸಿಯ ಹೊರಗಿನ ಪೆಟ್ಟಿಗೆಯನ್ನು, ಅಂದರೆ ಔಟ್‌ಡೋರ್ ಯೂನಿಟ್ಟನ್ನು, ಕೂರಿಸಿದವರು ಕಬ್ಬಿಣದ ಸ್ಟ್ಯಾಂಡನ್ನು ತಾರಸಿಯ ಮೇಲೆ ಸುಮ್ಮನೆ ನಿಲ್ಲಿಸಿ, ಕಾಲಿನ ಪಕ್ಕ ಎರಡು ಇಟ್ಟಿಗೆ ಇಟ್ಟು ಹೋಗಿದ್ದರು. ಆ ವರ್ಷ ಮಳೆ ಕೈಕೊಟ್ಟಿತು, ಗಾಳಿ ಕೈಕೊಡಲಿಲ್ಲ. ಆಷಾಢದ ಒಂದು ರಾತ್ರಿ ಹೊದಿಕೆಯೊಳಗೆ ಗಾಳಿ ನುಗ್ಗಿ, ಅದು ಗೋಣಿಚೀಲದಂತೆ ಉಬ್ಬಿ, ಮೂವತ್ತು ಕಿಲೋ ಮೀರಿದ ಯೂನಿಟ್ಟನ್ನು ಎಳೆದು ಕೆಡವಿತು. ತಾಮ್ರದ ಪೈಪು ಜಾಯಿಂಟಿನ ಬಳಿ ಸೀಳಿ, ಬೆಳಗಾಗುವುದರೊಳಗೆ ಗ್ಯಾಸ್ ಪೂರ್ತಿ ಖಾಲಿ. ರಿಪೇರಿಗೆ 4,500 ರೂಪಾಯಿ.

ತಪ್ಪು ಸ್ಟ್ಯಾಂಡಿನದು ಎಂದುಕೊಂಡು ಹೊದಿಕೆಯನ್ನು ಮತ್ತೆ ಹಾಕಿದೆ. ದೀಪಾವಳಿಯ ಹೊತ್ತಿಗೆ ತೆಗೆದು ನೋಡಿದರೆ ಒಳಗೆ ಇಲಿಯ ಸಂಸಾರ. ವೈರಿನ ಮೇಲೆಲ್ಲ ಹಲ್ಲಿನ ಗುರುತು. ಮೂಲೆಗಳಲ್ಲಿ ತೇವ ಕಟ್ಟಿ ತುಕ್ಕು ಬೇರೆ. ಔಟ್‌ಡೋರ್ ಯೂನಿಟ್ ಮಳೆಯಲ್ಲಿ ನಿಲ್ಲಲೆಂದೇ ಮಾಡಿದ್ದು, ಮಳೆ ಅದರ ಧೂಳು ತೊಳೆಯುತ್ತದೆ ಅಷ್ಟೇ. ಈ ಸಾದಾ ಸಂಗತಿ ನನಗೆ ಹೊಳೆಯಲು ಇಲಿ ಬರಬೇಕಾಯಿತು. ಹೊದಿಕೆಗೆ ಐದರಲ್ಲಿ ಒಂದು ಅಂಕ. ಈಗ ಅದು ಹಿತ್ತಿಲಿನ ಸೌದೆ ಒಟ್ಟಿಲಿನ ಮೇಲಿದೆ, ಅಲ್ಲಿ ಚೆನ್ನಾಗಿಯೇ ಕೆಲಸ ಮಾಡುತ್ತಿದೆ.

ಕಟ್ಟೆಯ ಉಪಾಯ ಹೇಳಿದವನು ಫ್ಲೋರಿಡಾದಲ್ಲಿರುವ ನನ್ನ ತಮ್ಮ. 2022ರ ಸೆಪ್ಟೆಂಬರ್ 28ರಂದು ಇಯಾನ್ ಚಂಡಮಾರುತ ಗಂಟೆಗೆ ಸುಮಾರು 240 ಕಿಲೋಮೀಟರ್ ವೇಗದಲ್ಲಿ ಅಪ್ಪಳಿಸಿದ ಕಡೆಯವನು. ಅಲ್ಲಿ ಎಸಿಯನ್ನು ಕಾಂಕ್ರೀಟ್ ಹಾಸಿನ ಮೇಲಿಟ್ಟು ಉಕ್ಕಿನ ಪಟ್ಟಿಗಳಿಂದ ಬಿಗಿಯುತ್ತಾರಂತೆ. ಬಿರುಗಾಳಿ ಬರುವ ಮೊದಲೇ ವಿದ್ಯುತ್ ತೆಗೆಯುತ್ತಾರೆ. ಯೂನಿಟ್ಟಿಗೆ ನೀರು ನುಗ್ಗಿದ್ದರೆ ಮೆಕ್ಯಾನಿಕ್ ನೋಡುವ ತನಕ ಸ್ವಿಚ್ ಮುಟ್ಟುವುದಿಲ್ಲ. “ನಿಮ್ಮ ಗಾಳಿಗೆ ನಾಲ್ಕು ಬೋಲ್ಟ್ ಸಾಕು ಕಣೋ ಅಣ್ಣ” ಎಂದು ನಕ್ಕ.

ಆದರೆ ತಾರಸಿಗೆ ತೂತು ಕೊರೆದರೆ ಸೋರುತ್ತದೆ. ಅದಕ್ಕೆ ಮೇಸ್ತ್ರಿ ತಾರಸಿಯ ಮೇಲೆಯೇ ಆರಿಂಚು ಎತ್ತರದ ಎರಡು ಕಾಂಕ್ರೀಟ್ ಕಟ್ಟೆ ಕಟ್ಟಿ, ಹಸಿ ಇರುವಾಗಲೇ ಬೋಲ್ಟುಗಳನ್ನು ಹೂತರು. ಒಂದು ವಾರ ನೀರುಣಿಸಿ, ಸ್ಟ್ಯಾಂಡನ್ನು ಅದಕ್ಕೆ ಬಿಗಿದು, ಯೂನಿಟ್ಟಿನ ಕಾಲಿಗೆ ರಬ್ಬರ್ ಪ್ಯಾಡ್ ಕೊಟ್ಟೆವು. ಕೂಲಿ, ಸಾಮಾನು ಸೇರಿ 2,200. ಎರಡು ಆಷಾಢ ಕಳೆದಿವೆ, ಒಂದು ಕೂದಲೆಳೆಯಷ್ಟೂ ಕದಲಿಲ್ಲ. ಐದಕ್ಕೆ ಐದು. ರಬ್ಬರ್ ಮಾತ್ರ ಬಿಸಿಲಿಗೆ ಬಿರಿದಿದೆ, ಬದಲಿಸಬೇಕು.

ವೋಲ್ಟೇಜಿನ ಏರಿಳಿತದಿಂದ ಎಸಿಯನ್ನು ಕಾಯುವ ಸ್ಟೆಬಿಲೈಸರ್‌ಗೆ ನಾಲ್ಕು. 170ರಿಂದ 270 ವೋಲ್ಟ್‌ವರೆಗಿನದು. 2024ರ ಭರಣಿ ಮಳೆಯಲ್ಲಿ ಕೊಂಬೆ ಬಿದ್ದು ನ್ಯೂಟ್ರಲ್ ತಂತಿ ಕಡಿದಾಗ ವೋಲ್ಟೇಜ್ ಏರಿ ಬೀದಿಯ ಬಲ್ಬುಗಳೆಲ್ಲ ಉರಿದೇಳುವಂತೆ ಬೆಳಗಿದವು. ಎದುರುಮನೆಯ ಟಿವಿ ಸುಟ್ಟಿತು. ನಮ್ಮ ಸ್ಟೆಬಿಲೈಸರ್ ಟಕ್ಕೆಂದು ಎಸಿಯ ಕರೆಂಟ್ ಕಡಿದುಹಾಕಿತು. ಒಂದು ಅಂಕ ಕಡಿಮೆ ಏಕೆಂದರೆ, ಅದು ಸಿಡಿಲನ್ನೂ ತಡೆಯುತ್ತದೆ ಎಂದು ಅಂಗಡಿಯವರು ಹೇಳಿ ಮಾರಿದರು. ತಡೆಯುವುದಿಲ್ಲ. ಮೋಡ ಗುಡುಗಿದ ಕೂಡಲೇ ಎಸಿಯ ಎಂಸಿಬಿ (ಬೋರ್ಡಿನಲ್ಲಿರುವ ಟ್ರಿಪ್ ಸ್ವಿಚ್) ಇಳಿಸುವುದು ನನ್ನ ಹೆಂಡತಿಯ ಕೆಲಸ. ಕರೆಂಟ್ ಬಂದರೂ ಹತ್ತು ನಿಮಿಷ ಏರಿಸುವುದಿಲ್ಲ. ಹೇಗೂ ಜೂನ್‌ನಿಂದ ಇಲ್ಲಿ ಕಂಬಳಿಯ ಕಾಲ, ಆಗ ಅದು ಇಳಿದೇ ಇರುತ್ತದೆ.

ಉಳಿದ ಭಯ ಒಂದೇ: ಪಕ್ಕದ ಮನೆಯ ತಗಡಿನ ಶೀಟು. 2025ರಲ್ಲಿ ಮುಂಗಾರು ಮೇ ತಿಂಗಳಲ್ಲೇ ನುಗ್ಗಿದಾಗ ಅದು ಹಾರಿ ಬಂದು ಯೂನಿಟ್ಟಿನ ಹಿಂಬದಿಯ ಜಾಲರಿಯನ್ನು ಬಡಿದು, ಅಲ್ಯೂಮಿನಿಯಂ ಎಲೆಗಳನ್ನು ಮಡಚಿಹಾಕಿತು. ಹಳೆಯ ಟೂತ್‌ಬ್ರಷ್ಷನ್ನೂ ತೆಳು ಕಡ್ಡಿಯನ್ನೂ ಹಿಡಿದು ಒಂದು ಭಾನುವಾರ ಪೂರ್ತಿ ಕೂತು ನೆಟ್ಟಗೆ ಮಾಡಿದೆ. ಮೊಳೆ ಹೊಡೆಸಿ ಎಂದು ಕೇಳಿಕೊಂಡೆ. ಶೀಟಿನ ಮೇಲೆ ಮೂರು ಸೈಜುಗಲ್ಲು ಹೇರಿದ್ದಾರೆ.