ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 411 ಬೈಕಿನ ಕಡ್ಡಿ (ಸ್ಪೋಕ್) ಚಕ್ರಕ್ಕೆ 3ಎಂ 4411ಎನ್ ಟೇಪ್: ಮಲೆನಾಡಿನ ಮಳೆಗೆ ನಿಲ್ಲುತ್ತದೆಯೇ?

ನಿಲ್ಲುತ್ತದೆ, ಆದರೆ ಹಿಂದಿನ ಚಕ್ರಕ್ಕೆ ಮಾತ್ರ. ಅದೂ ಔಟ್, ಅಂದರೆ ಚಕ್ರದ ವಾಲಾಟ, ತೆಗೆದು, ಕಡ್ಡಿ ಬಿಗಿ ಮಾಡಿದ ಮೇಲೆ. ಅಲ್ಲಾಡುವ ಚಕ್ರಕ್ಕೆ ಅಂಟಿಸಿದರೆ ದುಡ್ಡು ದಂಡ.

4411ಎನ್ ಗಾಡಿ ಚಕ್ರಕ್ಕೆಂದು ಮಾಡಿದ ಸರಕಲ್ಲ. ಮಾಡಿನ ಶೀಟು, ಟ್ರೈಲರ್‌ಗಳ ಸಂದಿಗೆ ನೀರು ಇಳಿಯದಂತೆ ಮುಚ್ಚುವ ಟೇಪು. 1 ಮಿ.ಮೀ. ದಪ್ಪ, ಒಳಗೆ ಅಕ್ರಿಲಿಕ್ ಅಂಟು. ರಿಮ್‌ನ ಒಳತಗ್ಗಿಗೆ ಸುತ್ತಿದರೆ ನಿಪ್ಪಲ್‌ಗಳ (ಕಡ್ಡಿಯನ್ನು ರಿಮ್‌ಗೆ ಬಿಗಿಯುವ ಸಣ್ಣ ನಟ್ಟುಗಳ) ಬಾಯಿ ಮುಚ್ಚಿ ಟ್ಯೂಬ್ ಇಲ್ಲದೆ ಗಾಳಿ ನಿಲ್ಲುತ್ತದೆ. ಇದರ ಲಾಭ ಗೊತ್ತಾಗುವುದು ತೀರ್ಥಹಳ್ಳಿ ದಾಟಿ ಆಗುಂಬೆ ಕಡೆ ಹೋಗುವಾಗ. ಟ್ಯೂಬಿಗೆ ಮೊಳೆ ಹೊಕ್ಕರೆ ಗಾಳಿ ಒಮ್ಮೆಗೇ ಹೋಗುತ್ತದೆ, ಘಾಟಿಯ 14 ಹೇರ್‌ಪಿನ್ ತಿರುವುಗಳಲ್ಲಿ ಅದು ಬೇಡದ ಕೆಲಸ. ಟ್ಯೂಬ್‌ಲೆಸ್ ಆದರೆ ನಿಧಾನಕ್ಕೆ ಇಳಿಯುತ್ತದೆ, ತೂತಿಗೆ ಪಂಚರ್ ಸ್ಟ್ರಿಪ್ ತುರುಕಿ ಹತ್ತು ನಿಮಿಷಕ್ಕೆ ಹೊರಡಬಹುದು. ಮಳೆಯಲ್ಲಿ ಚಕ್ರ ಬಿಚ್ಚಿಕೊಂಡು ಉಂಬಳಕ್ಕೆ (ಜಿಗಣೆಗೆ) ಕಾಲು ಕೊಟ್ಟು ಕೂರಬೇಕಿಲ್ಲ.

ಮೊದಲು ರಿಮ್ ನೋಡಿ. ಮೇಲೆ ಎಂಟಿ ಎಂದು ಅಚ್ಚು ಇದ್ದರೆ ಟೈರಿನ ಬೀಡ್ (ರಿಮ್‌ಗೆ ಕೂರುವ ಗಟ್ಟಿ ಅಂಚು) ಜಾರದಂತೆ ತಡೆಯುವ ಸಣ್ಣ ದಿಬ್ಬ ಒಳಗಿರುತ್ತದೆ. ಡಬ್ಲ್ಯೂಎಂ ಎಂದಿದ್ದರೆ ಆ ದಿಬ್ಬ ಇರುವುದಿಲ್ಲ. ಗಾಳಿ ಕಡಿಮೆಯಾದ ಕೂಡಲೇ ಬೀಡ್ ತಗ್ಗಿಗೆ ಬಿದ್ದು ಟೈರ್ ಪೂರ್ತಿ ಖಾಲಿಯಾಗುತ್ತದೆ. 21 ಇಂಚಿನ ಮುಂದಿನ ರಿಮ್‌ಗಳಲ್ಲಿ ಇದೇ ತೊಂದರೆ ಹೆಚ್ಚು. ಮುಂದಕ್ಕೆ ಟ್ಯೂಬೇ ಇರಲಿ. ಟೈರಿನ ಪಕ್ಕೆಯ ಮೇಲೂ ಟ್ಯೂಬ್‌ಲೆಸ್ ಎಂದಿರಬೇಕು.

ಇನ್ನು ಚಕ್ರದ ಕೆಲಸ. ವರ್ಷಕ್ಕೆ 7,000 ಮಿ.ಮೀ.ಗೂ ಮಿಕ್ಕಿ ಮಳೆ ಬೀಳುವ ಆಗುಂಬೆ ಸುತ್ತ ಓಡುವ ಗಾಡಿಯಲ್ಲಿ ಕಡ್ಡಿ ತುಕ್ಕು ಹಿಡಿಯುವುದು ನಿಪ್ಪಲ್‌ನ ಬುಡದಲ್ಲಿ, ಕೆಮ್ಮಣ್ಣಿನ ರಾಡಿ ಕೂತು ಒಣಗುವ ಜಾಗದಲ್ಲಿ. ಸಣ್ಣ ಸ್ಪ್ಯಾನರ್‌ನಿಂದ ಒಂದೊಂದೇ ಕಡ್ಡಿ ತಟ್ಟಿ. ಬಿಗಿ ಇದ್ದದ್ದು ಟಣ್ ಎನ್ನುತ್ತದೆ, ಸಡಿಲವಾದದ್ದು ಮಂಕಾಗಿ ಸದ್ದು ಮಾಡುತ್ತದೆ. ನಿಪ್ಪಲ್ ತಿರುಗದಿದ್ದರೆ ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ. ಒತ್ತಾಯಿಸಿದರೆ ಅದರ ಚೌಕ ಮೂಲೆ ಸವೆಯುತ್ತದೆ, ಆಮೇಲೆ ಕತ್ತರಿಸುವುದೇ ದಾರಿ.

ಪೂರ್ತಿ ಬಿಚ್ಚಿ ಸ್ಟೇನ್‌ಲೆಸ್ ಸ್ಟೀಲ್ ಕಡ್ಡಿ ಹಾಕುವುದಿದ್ದರೆ ಮೊದಲು ರಿಮ್ ಅಂಚಿನಿಂದ ಹಬ್‌ನ (ಚಕ್ರದ ಗುಂಬದ) ಮುಖಕ್ಕೆ ಅಳತೆ ಬರೆದಿಡಿ. ಇದನ್ನು ಬಿಟ್ಟರೆ ಚಕ್ರ ನೇರವಾಗಿ ತಿರುಗಿದರೂ ಗಾಡಿಯ ನಡು ತಪ್ಪಿ ಕೂರುತ್ತದೆ. ಒಳಕಡ್ಡಿ, ಹೊರಕಡ್ಡಿಗಳ ಬಾಗು ಬೇರೆ, ಬೆರೆಸಬೇಡಿ. ಸ್ಟೇನ್‌ಲೆಸ್ ಕಡ್ಡಿಗೆ ಸ್ಟೇನ್‌ಲೆಸ್ ನಿಪ್ಪಲ್ ಬೇಡ, ಎರಡರ ಥ್ರೆಡ್ ಕಚ್ಚಿಕೊಳ್ಳುತ್ತವೆ. ನಿಕಲ್ ಲೇಪದ ಹಿತ್ತಾಳೆ ನಿಪ್ಪಲ್, ಥ್ರೆಡ್‌ಗೆ ಚೂರು ಆ್ಯಂಟಿ-ಸೀಜ್ (ಕಚ್ಚಿಕೊಳ್ಳದಂತೆ ಹಚ್ಚುವ ಪೇಸ್ಟು) ಸಾಕು. ಎಲ್ಲ ನಿಪ್ಪಲ್‌ಗಳನ್ನೂ ಸಮನಾಗಿ ಕೂರಿಸಿ ಮೊದಲು ಏರುತಗ್ಗು, ನಂತರ ಅಡ್ಡ ವಾಲು ತೆಗೆಯಿರಿ. ಒಂದು ಸಲಕ್ಕೆ ಕಾಲು ಸುತ್ತು, ಅಷ್ಟೇ. ಮ್ಯಾನುಯಲ್‌ಗಳು ಸಾಮಾನ್ಯವಾಗಿ 2 ಮಿ.ಮೀ. ವರೆಗಿನ ಔಟ್ ಒಪ್ಪುತ್ತವೆ. ಟೇಪ್ ಹಾಕುವ ಚಕ್ರಕ್ಕೆ ಅರ್ಧ ಮಿ.ಮೀ. ಒಳಗೆ ತನ್ನಿ. ಯಾಕೆಂದರೆ ಟೇಪ್ ಅಂಟಿದ ಮೇಲೆ ನಿಪ್ಪಲ್ ತಿರುಗಿಸಿದರೆ ಅದರ ತಲೆ ಕೆಳಗಿನಿಂದ ಅಂಟನ್ನು ಎಬ್ಬಿಸುತ್ತದೆ. ಹೊಸ ಕಡ್ಡಿಗಳು ಮೊದಲ ಕೆಲವು ನೂರು ಕಿ.ಮೀ.ಗಳಲ್ಲಿ ಕೂತು ಸಡಿಲಾಗುತ್ತವೆ. ಅಷ್ಟು ದಿನ ಟ್ಯೂಬಿನಲ್ಲೇ ಓಡಿಸಿ, ಮತ್ತೊಮ್ಮೆ ಬಿಗಿ ಮಾಡಿ, ಆಮೇಲೆ ಟೇಪ್. ಅವಸರದವರು ಸೋಲುವುದು ಇಲ್ಲೇ.

ನಿಪ್ಪಲ್‌ನಿಂದ ಮೇಲೆ ಎದ್ದ ಕಡ್ಡಿಯ ತುದಿಗಳನ್ನು ಅರದಿಂದ ಸಮ ಮಾಡಿ. ತುಕ್ಕು, ಹಳೆಯ ಅಂಟು ಉಜ್ಜಿ, ಐಸೊಪ್ರೊಪೈಲ್ ಆಲ್ಕೋಹಾಲ್ ಮತ್ತು ನೀರು ಸಮ ಪಾಲು ಬೆರೆಸಿ ಒರೆಸಿ. ಆಷಾಢದಲ್ಲಿ ಈ ಕೆಲಸ ಬೇಡವೇ ಬೇಡ. ಲೋಹದ ಮೇಲೆ ಕಣ್ಣಿಗೆ ಕಾಣದ ತೇವ ಕೂತಿರುತ್ತದೆ. ಮಾಡಲೇಬೇಕೆಂದರೆ ಹೇರ್ ಡ್ರೈಯರ್‌ನಿಂದ ರಿಮ್ ಬೆಚ್ಚಗೆ ಮಾಡಿ. ಹಿಂದಿನ 17 ಇಂಚಿನ ಚಕ್ರಕ್ಕೆ ಒಂದೂವರೆ ಮೀಟರ್ ಟೇಪು ಧಾರಾಳ. ವಾಲ್ವ್‌ನ ಎದುರು ಬದಿಯಿಂದ ಶುರುಮಾಡಿ, ಕೊನೆಗೆ 5 ಸೆಂ.ಮೀ. ಒಂದರ ಮೇಲೊಂದು ಬರಲಿ. ಆ ತೂಕ ವಾಲ್ವ್‌ನ ತೂಕವನ್ನು ಸ್ವಲ್ಪ ಸರಿದೂಗಿಸುತ್ತದೆ. ಬೀಡ್ ಕೂರುವ ಜಾಗಕ್ಕೆ ಟೇಪ್ ಹತ್ತಬಾರದು. ನಿಪ್ಪಲ್‌ಗೆ ಮೊದಲೇ ಸಿಲಿಕೋನ್ ಬಳಿಯುವ ರೂಢಿ ಇದೆ. ಅದರ ಮೇಲೆ ಈ ಅಂಟು ಹಿಡಿಯುವುದಿಲ್ಲ, ವಿನೆಗರ್ ವಾಸನೆಯ ಸಿಲಿಕೋನ್ ಆದರೆ ಲೋಹವನ್ನೂ ತಿನ್ನುತ್ತದೆ. ಗಟ್ಟಿಯಾಗಿ ಒತ್ತಿ, 72 ಗಂಟೆ ಬಿಡಿ.

ವಾಲ್ವ್ ನಟ್ಟು ಬಿಗಿದು ಕೂರಿಸುವ ಲೋಹದ್ದಿರಲಿ, ಎರಡೂ ಕಡೆ ರಬ್ಬರ್ ವಾಷರ್ ಇರಲಿ. ಗಾಳಿ ತುಂಬಿ ಸೋಪುನೀರು ಹಾಕಿದಾಗ ಒಂದು ನಿಪ್ಪಲ್‌ನಲ್ಲಿ ಗುಳ್ಳೆ ಬಂತೆಂದು ಅಲ್ಲೇ ತೇಪೆ ಹಾಕಬೇಡಿ. ಗಾಳಿ ಟೇಪಿನ ಅಡಿಯಲ್ಲಿ ಹರಿದು ಎಲ್ಲೋ ಹೊಕ್ಕು ಇನ್ನೆಲ್ಲೋ ಹೊರಡುತ್ತದೆ. ಪೂರ್ತಿ ಕಿತ್ತು ಹೊಸದು ಹಾಕುವುದೇ ಸರಿ, ಮತ್ತು ಕೀಳುವುದು ಸುಲಭವಲ್ಲ. ಈ ಸರಕಿನ ದೊಡ್ಡ ಕೊರತೆ ಇದು.

ಹಿಮಾಲಯನ್ 450 ಇದ್ದವರಿಗೆ ಇದು ಬೇಡ. ಅದಕ್ಕೆ ಕಂಪನಿಯದೇ ಟ್ಯೂಬ್‌ಲೆಸ್ ಕಡ್ಡಿ ಚಕ್ರ ಸಿಗುತ್ತದೆ. ಅದರಲ್ಲಿ ಕಡ್ಡಿಗಳು ರಿಮ್‌ನ ಅಂಚಿಗೆ ಕೂರುವುದರಿಂದ ಗಾಳಿ ಇರುವ ಜಾಗಕ್ಕೆ ತೂತೇ ಇಲ್ಲ.

ಟೇಪ್ ಹಾಕಿದ ಮೇಲೂ ಬ್ಯಾಗಿನಲ್ಲಿ ಒಂದು ಟ್ಯೂಬ್ ಇರಲಿ. ಪಂಚರ್ ಅಂಗಡಿಯಲ್ಲಿ ಟೈರ್ ಬಿಚ್ಚಿಸುವಾಗ ಪಕ್ಕದಲ್ಲೇ ನಿಂತು, "ಅಣ್ಣಾ, ಒಳಗೆ ಟೇಪ್ ಇದೆ, ಲಿವರ್ ಆಳಕ್ಕೆ ಹಾಕಬೇಡಿ" ಎಂದು ಮೊದಲೇ ಹೇಳಿ.