ಹೊಸ ಪಿಕಪ್‌ನಲ್ಲಿ ಹಳೆಯ ಸೌಕರ್ಯಗಳಿಗೆ ಇನ್ನೂ ಜಾಗವಿದೆಯೇ: ಎರಡು ಗಾಡಿ ಓಡಿಸುತ್ತಿರುವ ರೈತನ ದೀರ್ಘ ಬಳಕೆಯ ವಿಮರ್ಶೆ

ಚಿಂತಾಮಣಿ ತಾಲ್ಲೂಕಿನ ನಮ್ಮ ಹಳ್ಳಿಯಿಂದ ಕೋಲಾರದ ಎಪಿಎಂಸಿಗೆ ಟೊಮೆಟೊ, ಶಿಡ್ಲಘಟ್ಟದ ಮಾರುಕಟ್ಟೆಗೆ ರೇಷ್ಮೆಗೂಡು, ಬೇಸಿಗೆಯಲ್ಲಿ ಶ್ರೀನಿವಾಸಪುರದ ಮಂಡಿಗಳಿಗೆ ಮಾವು ಸಾಗಿಸಲು ನಾವು ಹದಿನೈದು ವರ್ಷಕ್ಕೂ ಮೀರಿ ಒಂದೇ ಪಿಕಪ್ ಗಾಡಿಯನ್ನು ಬಳಸಿದ್ದೇವೆ. 2020ರ ಏಪ್ರಿಲ್ 1ರಿಂದ ಹೊಗೆಯ ಮಾಲಿನ್ಯಕ್ಕೆ ಮಿತಿ ಹಾಕುವ ಬಿಎಸ್-6 ನಿಯಮ ಜಾರಿಯಾದ ಮೇಲೆ ತಯಾರಾದ ಹೊಸ ಪಿಕಪ್ ಒಂದನ್ನು ಕೊಂಡು ಈಗ ಎರಡು ವರ್ಷ ದಾಟಿದೆ. ಹಳೆಯದನ್ನು ಮಾರಲಿಲ್ಲ, ತೋಟದ ಕೆಲಸಕ್ಕೆ ಅದೂ ಓಡುತ್ತಿದೆ. ಹೀಗಾಗಿ ಒಂದೇ ರಸ್ತೆಯಲ್ಲಿ, ಒಂದೇ ಬಗೆಯ ಹೊರೆ ಹೊತ್ತು, ಎರಡೂ ತಲೆಮಾರಿನ ಗಾಡಿಗಳನ್ನು ಹೋಲಿಸಿ ನೋಡುವ ಅವಕಾಶ ನನಗೆ ಒದಗಿದೆ. ಕಂಪನಿಗಳ ಹೆಸರನ್ನು ಬರೆಯುತ್ತಿಲ್ಲ, ಏಕೆಂದರೆ ನಾನು ಹೇಳಹೊರಟಿರುವ ಸಂಗತಿಗಳು ಒಂದು ಮಾದರಿಗೆ ಸೀಮಿತವಾದವಲ್ಲ.

ಹೊಸ ಗಾಡಿಯ ಇಂಜಿನ್, ಬ್ರೇಕ್ ಹಾಗೂ ಪವರ್ ಸ್ಟೀರಿಂಗ್ ಬಗ್ಗೆ ನನಗೆ ಯಾವ ದೂರೂ ಇಲ್ಲ. ಹೊರೆ ತುಂಬಿದ ಹಳೆಯ ಗಾಡಿಯನ್ನು ಮಂಡಿಯ ಇಕ್ಕಟ್ಟಿನಲ್ಲಿ ಹಿಂದೆ ಮುಂದೆ ಮಾಡಿ ತಿರುಗಿಸುವಾಗ ಭುಜದ ಕೀಲು ಸಡಿಲವಾದಂತೆ ಅನಿಸುತ್ತಿತ್ತು. ಆ ಕಾಲ ಹೋದದ್ದೇ ಒಳ್ಳೆಯದಾಯಿತು. ಆದರೆ ಗಾಡಿಯನ್ನು ಆಧುನಿಕಗೊಳಿಸುವ ಭರದಲ್ಲಿ ಕೆಲವು ಹಳೆಯ ಸೌಕರ್ಯಗಳನ್ನೂ ಕಿತ್ತುಹಾಕಲಾಗಿದೆ, ಮತ್ತು ಅವುಗಳಲ್ಲಿ ಕೆಲವಂತೂ ದುಡಿಯುವ ಗಾಡಿಗೆ ಇಂದಿಗೂ ಅಗತ್ಯ ಎಂಬುದು ನನ್ನ ಅನುಭವ. ಒಂದು ಸೌಕರ್ಯ ಎಷ್ಟು ಹಳೆಯದು ಎಂದು ನಾನು ನೋಡುವುದಿಲ್ಲ. ಇಂಜಿನ್ ನಿಂತಿರುವಾಗ, ಕೈಗೆ ಮಣ್ಣು ಮೆತ್ತಿರುವಾಗ, ಸರ್ವಿಸ್ ಸೆಂಟರ್ ನಲವತ್ತು ಕಿಲೋಮೀಟರ್ ದೂರವಿರುವಾಗ ಅದು ಕೈಗೆ ಒದಗುತ್ತದೆಯೇ ಎಂದಷ್ಟೇ ನೋಡುತ್ತೇನೆ.

ಮೊದಲು ಕಿಟಕಿಯ ವಿಚಾರ. ಹಳೆಯ ಗಾಡಿಯಲ್ಲಿ ಗಾಜು ಏರಿಸಿ ಇಳಿಸಲು ತಿರುಗಿಸುವ ಹಿಡಿ ಇದೆ. ಹೊಸದರಲ್ಲಿ ಬಟನ್ ಇದೆ. ಕೋಲಾರದ ಎಪಿಎಂಸಿ ದೇಶದ ದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲಿ ಒಂದು. ಜೂನ್, ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಅಲ್ಲಿ ಗಾಡಿಗಳ ಸಾಲು ಕರಗಲು ಗಂಟೆಗಟ್ಟಲೆ ಹಿಡಿಯುತ್ತದೆ. ಆ ಹೊತ್ತಿನಲ್ಲಿ ಯಾರೂ ಇಂಜಿನ್ ಓಡಿಸಿಕೊಂಡು ಕೂರುವುದಿಲ್ಲ. ಕೀಲಿ ತೆಗೆದು ಜೇಬಿಗೆ ಹಾಕಿಕೊಂಡು ಒಬ್ಬರು ಕ್ರೇಟು ಇಳಿಸುವ ಕಡೆ ನಿಂತರೆ, ಇನ್ನೊಬ್ಬರು ಕ್ಯಾಬಿನ್‌ನಲ್ಲಿ ಕಣ್ಣು ಮುಚ್ಚಿ ಒರಗುತ್ತಾರೆ. ಹನಿ ಬಿದ್ದ ಕೂಡಲೇ ಒಳಗಿರುವವರು ಗಾಜು ಏರಿಸಬೇಕು. ಹೊಸ ಗಾಡಿಯಲ್ಲಿ ಅದಕ್ಕೆ ಕೀಲಿ ಬೇಕು, ಕೀಲಿಗಾಗಿ ನನ್ನನ್ನು ಹುಡುಕಬೇಕು. 2023ರ ಜುಲೈನಲ್ಲಿ 15 ಕೆಜಿ ಬಾಕ್ಸಿನ ಬೆಲೆ ಕೋಲಾರದಲ್ಲಿ 2,000 ರೂಪಾಯಿ ದಾಟಿದ್ದಾಗ ನಮ್ಮ ಕಡೆಯವರು ಕಳ್ಳರ ಭಯಕ್ಕೆ ರಾತ್ರಿಯಿಡೀ ಕ್ಯಾಬಿನ್‌ನಲ್ಲೇ ಕಾವಲು ಮಲಗಿದ್ದರು. ಹಾಗೆ ಮಲಗುವವರಿಗೆ ಗಾಜನ್ನು ಎರಡು ಬೆರಳಿನಷ್ಟು ಇಳಿಸಿಟ್ಟುಕೊಳ್ಳುವುದು, ಬೇಕೆಂದಾಗ ಏರಿಸುವುದು ಸಣ್ಣ ಸೌಲಭ್ಯವಲ್ಲ.

ಧೂಳಿನ ಪ್ರಶ್ನೆಯೂ ಇದೆ. ತೋಟದ ಮಣ್ಣುದಾರಿಯ ಧೂಳು ಗಾಜು ಜಾರುವ ರಬ್ಬರಿನ ಸಂದಿಯಲ್ಲಿ ಸೇರಿಕೊಂಡಾಗ ಗಾಜು ಬಿಗಿಯಾಗುತ್ತದೆ. ಹಿಡಿ ಇದ್ದರೆ ಆ ಬಿಗಿ ಕೈಗೆ ಗೊತ್ತಾಗುತ್ತದೆ, ಸಂದಿಯನ್ನು ಒರೆಸಬೇಕೆಂಬ ಎಚ್ಚರ ಹುಟ್ಟುತ್ತದೆ. ಬಟನ್ ಒತ್ತುವವರಿಗೆ ಅದು ತಿಳಿಯುವುದಿಲ್ಲ, ಮೋಟಾರು ಸುಮ್ಮನೆ ಭಾರ ಎಳೆಯುತ್ತಾ ಹೋಗಿ ಕೊನೆಗೊಂದು ದಿನ ಕೈಕೊಡುತ್ತದೆ. ನಮ್ಮ ಹೊಸ ಗಾಡಿಯ ಎಡಬಾಗಿಲಿನಲ್ಲಿ ಆದದ್ದೂ ಇದೇ. ಬಾಗಿಲಿನ ಒಳಹೊದಿಕೆ ಬಿಚ್ಚಿ, ಮೋಟಾರು ಸಮೇತ ಇಡೀ ಜೋಡಣೆಯನ್ನೇ ಬದಲಿಸಬೇಕಾಯಿತು. ಹಳೆಯ ಗಾಡಿಯ ಹಿಡಿ ಒಮ್ಮೆ ಮುರಿದಿತ್ತು. ಚಿಂತಾಮಣಿಯ ಬಿಡಿಭಾಗದ ಅಂಗಡಿಯಲ್ಲಿ ಹೊಸ ಹಿಡಿ ತಂದು, ಸ್ಕ್ರೂಡ್ರೈವರ್ ಹಿಡಿದು ಮನೆಯ ಮುಂದೆಯೇ ಕೂರಿಸಿದೆವು.

ಇದರ ಜೊತೆಗೇ ನೆನಪಾಗುವುದು ಮುಂಬಾಗಿಲಿನ ಮೂಲೆಯ ಮರಿಗಾಜು. 2014ರವರೆಗೆ ತಯಾರಾದ ಅಂಬಾಸಿಡರ್ ಕಾರನ್ನು ಕಂಡವರಿಗೆಲ್ಲ ಆ ತ್ರಿಕೋನದ ಗಾಜು ಪರಿಚಿತ. ಅದನ್ನು ಹೊರಕ್ಕೆ ತಿರುಗಿಸಿದರೆ ಓಡುವ ಗಾಡಿಯ ಗಾಳಿ ನೇರವಾಗಿ ಎದೆಗೆ ಬೀಸುತ್ತಿತ್ತು, ಮಳೆಯಲ್ಲಿ ದೊಡ್ಡ ಗಾಜು ಮುಚ್ಚಿದ್ದರೂ ಒಳಗಿನ ಮಬ್ಬು ಕಳೆಯುತ್ತಿತ್ತು. ಎಸಿ ಸಾಮಾನ್ಯವಾದ ಮೇಲೆ ಅದು ಮರೆಯಾಯಿತು. ನೀರು ಸೋರುವುದು, ಗಾಳಿಯ ಸದ್ದು, ಸುಲಭವಾಗಿ ಒಡೆದು ಬಾಗಿಲು ತೆರೆಯಬಹುದೆಂಬ ಅಂಜಿಕೆ, ಇವೂ ಕಾರಣಗಳೇ. ಕಾರಿನ ಮಟ್ಟಿಗೆ ಈ ನಿರ್ಧಾರ ಸರಿ ಎನ್ನೋಣ. ಆದರೆ ಸರಕು ಗಾಡಿಗಳ ಚಾಲಕರ ಕ್ಯಾಬಿನ್‌ಗೆ ಎಸಿ ಕಡ್ಡಾಯ ಮಾಡಿದ ನಿಯಮ 2025ರ ಅಕ್ಟೋಬರ್ 1ರಿಂದ ಅನ್ವಯವಾಗುವುದು ಒಟ್ಟು ತೂಕ 3.5 ಟನ್ ಮೀರಿದ ಗಾಡಿಗಳಿಗೆ ಮಾತ್ರ. ನಮ್ಮಂಥವರು ಓಡಿಸುವ ಬಹುಪಾಲು ಪಿಕಪ್‌ಗಳು ಆ ಮಿತಿಯ ಕೆಳಗೇ ಉಳಿಯುತ್ತವೆ. ಎಸಿಯನ್ನೂ ಕೊಡದೆ ಮರಿಗಾಜನ್ನೂ ತೆಗೆದರೆ ಏಪ್ರಿಲ್ ಬಿಸಿಲಿನಲ್ಲಿ ಮಾವು ಹೊತ್ತು ಓಡುವ ಚಾಲಕನ ಪಾಡೇನು ಎಂದು ವಿನ್ಯಾಸ ಮಾಡುವವರು ಯೋಚಿಸಲೇಬೇಕು.

ಮುಂದಿನದು ಡೀಸೆಲ್ ಕೈಪಂಪು, ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು. ಡೀಸೆಲ್ ಪೂರ್ತಿ ಖಾಲಿಯಾದಾಗ, ಅಥವಾ ಫಿಲ್ಟರ್ ಬದಲಿಸಿದಾಗ ಪೈಪಿನಲ್ಲಿ ಗಾಳಿ ಸೇರಿಕೊಳ್ಳುತ್ತದೆ. ನಮ್ಮ ಕಡೆ ಇದಕ್ಕೆ ಏರ್ ಹಿಡಿಯುವುದು ಎನ್ನುತ್ತಾರೆ. ಫಿಲ್ಟರ್ ಮೇಲಿನ ಸಣ್ಣ ಕೈಪಂಪನ್ನು ಒತ್ತುತ್ತಾ ಹೋದರೆ ಗಾಳಿ ಹೊರಬಿದ್ದು ಡೀಸೆಲ್ ತುಂಬಿಕೊಳ್ಳುತ್ತದೆ, ಪಂಪು ಬಿಗಿಯಾದ ಮೇಲೆ ಕೀಲಿ ತಿರುಗಿಸಿದರೆ ಇಂಜಿನ್ ಹತ್ತುತ್ತದೆ. ಕೆಲವು ಹೊಸ ಗಾಡಿಗಳಲ್ಲಿ ಕೈಪಂಪು ಉಳಿದಿದೆ, ಕೆಲವುಗಳಲ್ಲಿ ಟ್ಯಾಂಕಿನೊಳಗಿನ ವಿದ್ಯುತ್ ಪಂಪು ಆ ಕೆಲಸ ಮಾಡುತ್ತದೆ. ಬ್ಯಾಟರಿ ಚೆನ್ನಾಗಿರುವವರೆಗೆ ವಿದ್ಯುತ್ ಪಂಪು ಅನುಕೂಲವೇ. ಬ್ಯಾಟರಿ ಇಳಿದ ರಾತ್ರಿಯಲ್ಲಿ, ಹಣ್ಣು ತುಂಬಿದ ಗಾಡಿ ರಸ್ತೆ ಬದಿ ನಿಂತಾಗ, ಕೈಪಂಪಿನ ಬೆಲೆ ತಿಳಿಯುತ್ತದೆ.

ಇಲ್ಲಿ ಒಂದು ಎಚ್ಚರಿಕೆಯನ್ನು ಸ್ಪಷ್ಟವಾಗಿ ಹೇಳಬೇಕು. ಹಳೆಯ ಇಂಜಿನ್‌ಗಳಲ್ಲಿ ಏರ್ ತೆಗೆಯಲು ಮೆಕ್ಯಾನಿಕ್‌ಗಳು ಇಂಜೆಕ್ಟರ್‌ಗೆ, ಅಂದರೆ ಇಂಜಿನ್ನಿನೊಳಕ್ಕೆ ಡೀಸೆಲ್ ಚಿಮ್ಮಿಸುವ ಭಾಗಕ್ಕೆ, ಹೋಗುವ ಪೈಪಿನ ನಟ್ಟನ್ನು ಸಡಿಲಿಸಿ ಸೆಲ್ಫ್ ಹೊಡೆಯುವ ಪದ್ಧತಿ ಇತ್ತು. ಒಂದೇ ಕೊಳವೆಯಿಂದ ಎಲ್ಲ ಇಂಜೆಕ್ಟರ್‌ಗಳಿಗೂ ಭಾರೀ ಒತ್ತಡದಲ್ಲಿ ಡೀಸೆಲ್ ಒದಗಿಸುವ ಈಗಿನ ಕಾಮನ್ ರೈಲ್ ಇಂಜಿನ್‌ಗಳಲ್ಲಿ ಅದನ್ನು ಎಂದಿಗೂ ಮಾಡಬಾರದು. ಆ ಪೈಪಿನೊಳಗಿನ ಒತ್ತಡ 1,000 ಬಾರ್, ಅಂದರೆ ನಮ್ಮ ಸುತ್ತಲಿನ ಗಾಳಿಯ ಒತ್ತಡದ ಸುಮಾರು ಸಾವಿರ ಪಟ್ಟು, ಮೀರುತ್ತದೆ; ಚಿಮ್ಮಿದ ಡೀಸೆಲ್ ಚರ್ಮವನ್ನು ಸೀಳಿ ಒಳಹೋಗಬಲ್ಲದು. ಹಳ್ಳಿಯ ಗ್ಯಾರೇಜುಗಳಲ್ಲಿ ಈ ಅಭ್ಯಾಸ ಇನ್ನೂ ಉಳಿದಿರುವುದನ್ನು ಕಂಡಿದ್ದೇನೆ. ಸುರಕ್ಷಿತವಾಗಿ ಏರ್ ತೆಗೆಯುವ ದಾರಿಯೊಂದನ್ನು, ಅಂದರೆ ಫಿಲ್ಟರ್ ಬಳಿಯ ಕೈಪಂಪನ್ನು, ಪ್ರತಿ ಡೀಸೆಲ್ ಪಿಕಪ್‌ಗೂ ಕೊಡಬೇಕು ಎಂದು ನಾನು ಒತ್ತಾಯಿಸುವುದಕ್ಕೆ ಇದೂ ಒಂದು ಕಾರಣ.

ಇಂಜಿನ್ ಶಾಖ ತೋರಿಸುವ ಮುಳ್ಳಿನ ಮೀಟರ್ ಕೂಡ ಇದೇ ಸಾಲಿಗೆ ಸೇರುತ್ತದೆ. ಹೊಸ ಗಾಡಿಯಲ್ಲಿ ಶಾಖಕ್ಕೆ ಮುಳ್ಳಿಲ್ಲ; ಮಿತಿ ಮೀರಿದಾಗ ಕೆಂಪು ದೀಪ ಹತ್ತುತ್ತದೆ, ಅಷ್ಟೇ. ಚಿತ್ತೂರಿನ ಕಡೆಯಿಂದ ಗೊಬ್ಬರದ ಚೀಲ ಹೇರಿಕೊಂಡು ಮೊಗಿಲಿ ಘಾಟಿ ಹತ್ತುವಾಗ ಹಳೆಯ ಗಾಡಿಯ ಮುಳ್ಳು ನಿಧಾನವಾಗಿ ಮೇಲೇಳುವುದನ್ನು ನೋಡಿ ಗೇರ್ ಇಳಿಸುತ್ತೇನೆ, ಅಗತ್ಯವೆನಿಸಿದರೆ ಬದಿಗೆ ನಿಲ್ಲಿಸುತ್ತೇನೆ. ದೀಪ ಹತ್ತಿದ ಮೇಲೆ ಅಂಥ ತೀರ್ಮಾನಕ್ಕೆ ಸಮಯ ಉಳಿದಿರುವುದಿಲ್ಲ. ಅಂಕಿಯೋ ಪಟ್ಟಿಯೋ ತೋರಿಸುವ ಡಿಜಿಟಲ್ ಮೀಟರ್ ಆದರೂ ಆದೀತು, ಶಾಖ ಏರುತ್ತಿರುವುದು ಕಾಣಬೇಕು. ಶಾಖ ಮೀರಿ ಹೆಡ್ ಗ್ಯಾಸ್ಕೆಟ್, ಅಂದರೆ ಇಂಜಿನ್ನಿನ ತಲೆಭಾಗದ ಕೆಳಗಿನ ಸೀಲು, ಹೋದರೆ ಆಗುವ ಖರ್ಚಿನ ಮುಂದೆ ಒಂದು ಮುಳ್ಳಿನ ಬೆಲೆ ಯಾವ ಲೆಕ್ಕಕ್ಕೂ ಬರುವುದಿಲ್ಲ.

ಹ್ಯಾಂಡ್‌ಬ್ರೇಕ್ ಲಿವರ್ ನಮ್ಮ ಎರಡೂ ಗಾಡಿಗಳಲ್ಲಿದೆ, ಅದಕ್ಕಾಗಿ ನಾನು ಸಂತೋಷಪಡುತ್ತೇನೆ. ಹೊರದೇಶಗಳ ಅನೇಕ ಪಿಕಪ್‌ಗಳು ಬಟನ್ ಒತ್ತಿದರೆ ಮೋಟಾರು ಬಿಗಿಯುವ ಬ್ರೇಕಿಗೆ ಬದಲಾಗಿವೆ. ತೋಟದ ಬದುವಿನಿಂದ ಟಾರು ರಸ್ತೆಗೆ ಹೊರೆ ಸಮೇತ ಏರಿಸುವ ಕಡಿದಾದ ಜಾಗದಲ್ಲಿ ಲಿವರನ್ನು ಹಲ್ಲು ಹಲ್ಲಾಗಿ ಸಡಿಲಿಸುತ್ತಾ ಕ್ಲಚ್ ಬಿಡುವ ಹಿಡಿತ ಕೈಗೇ ಸಿಗುತ್ತದೆ. ಕಾಲಿನ ಬ್ರೇಕ್ ವಿಫಲವಾದರೂ ಲಿವರನ್ನು ಸ್ವಲ್ಪ ಸ್ವಲ್ಪವಾಗಿ ಎಳೆದು ಗಾಡಿಯನ್ನು ನಿಲ್ಲಿಸುವ ಪ್ರಯತ್ನ ಮಾಡಬಹುದು. ಕೇಬಲ್ ಸಡಿಲವಾಗುವುದು ಅದರ ದೋಷ. ಪ್ರತಿ ಸರ್ವಿಸಿನಲ್ಲಿ ಬಿಗಿ ಮಾಡಿಸಿದರೆ ಅದೂ ಬಾಧಿಸುವುದಿಲ್ಲ.

ಮೂವರು ಕೂರುವ ಉದ್ದನೆಯ ಸೀಟಿನ ಬಗ್ಗೆ ನನ್ನ ಮನಸ್ಸು ಎರಡೂ ಕಡೆ ಎಳೆಯುತ್ತದೆ. ಹಳೆಯ ಗಾಡಿಯಲ್ಲಿ ನಾನು, ಅಮ್ಮ, ಭಾವ ಮೂವರೂ ಒಟ್ಟಿಗೆ ಸಂತೆಗೆ ಹೋಗುತ್ತಿದ್ದೆವು. ಹೊಸ ಗಾಡಿಯಲ್ಲಿ ಚಾಲಕನ ಪಕ್ಕಕ್ಕೆ ಒಂದೇ ಸೀಟು, ನಡುವೆ ಲೋಟ ಇಡುವ ಪೆಟ್ಟಿಗೆ. ಇದರ ಪರಿಣಾಮ ಏನೆಂದರೆ ಮೂರನೆಯವರು ಹಿಂದೆ ಕ್ರೇಟುಗಳ ಮೇಲೆ ಹತ್ತಿ ಕೂರುತ್ತಾರೆ. ಅದು ಕಾನೂನಿಗೆ ವಿರುದ್ಧ, ಜೀವಕ್ಕೂ ಅಪಾಯ. ಹಾಗೆಂದು ಬೆಲ್ಟ್ ಇಲ್ಲದ ನಡುಸೀಟು ಮರಳಿ ಬರಲಿ ಎಂದು ನಾನು ಹೇಳಲಾರೆ. ಅಮೆರಿಕದ ಫೋರ್ಡ್ ಎಫ್-150 ಗಾಡಿಯ ಕೆಳದರ್ಜೆಯ ಮಾದರಿಗಳಲ್ಲಿ ಮುಂದೆ ಮೂವರು ಕೂರುವ ಸೀಟು ಇಂದಿಗೂ ದೊರೆಯುತ್ತದೆ. ಗೇರ್ ಹಿಡಿಯನ್ನು ಸ್ಟೀರಿಂಗ್ ಕಂಬದ ಮೇಲಿಟ್ಟು ಕಾಲಿನ ಜಾಗ ಉಳಿಸಿದ್ದಾರೆ, ನಡುವೆ ಕೂರುವವರಿಗೂ ಬೆಲ್ಟ್ ಇದೆ. ನಮ್ಮ ದೇಶದ ಪಿಕಪ್‌ಗಳಲ್ಲಿ ಗೇರ್ ರಾಡನ್ನು ಡ್ಯಾಶ್‌ಬೋರ್ಡಿಗೆ ಏರಿಸಿ, ಮೂವರಿಗೂ ಸರಿಯಾದ ಬೆಲ್ಟ್ ಕೊಟ್ಟರೆ ರೈತ ಕುಟುಂಬಗಳಿಗೆ ಅದಕ್ಕಿಂತ ದೊಡ್ಡ ಉಪಕಾರವಿಲ್ಲ.

ಸಿಗರೇಟ್ ಹೊತ್ತಿಸುವ ಲೈಟರ್, ಬೂದಿ ತಟ್ಟೆ, ಹಳೆಯ ಜೀಪುಗಳಲ್ಲಿದ್ದ ಕೈ ಆಕ್ಸಿಲರೇಟರ್, ಇವು ಹೋದದ್ದಕ್ಕೆ ಬೇಸರವಿಲ್ಲ. ಲೈಟರಿನ 12 ವೋಲ್ಟ್ ಸಾಕೆಟ್ ಮಾತ್ರ ಉಳಿಯಲಿ, ಟೈರಿಗೆ ಗಾಳಿ ತುಂಬುವ ಸಣ್ಣ ಕಂಪ್ರೆಸರ್ ಅದರಿಂದಲೇ ಓಡುತ್ತದೆ. ಯುಎಸ್‌ಬಿ ಸಾಕೆಟ್ಟಿನಿಂದ ಅಷ್ಟು ಶಕ್ತಿ ಸಿಗುವುದಿಲ್ಲ.

ಹೊರೆ ಹೊರುವ ಹಿಂಭಾಗಕ್ಕೆ ಬಂದರೆ, ಮೂರು ಕಡೆಯ ಹಲಗೆಗಳನ್ನೂ ಇಳಿಸಬಹುದಾದ ಹಳೆಯ ವಿನ್ಯಾಸಕ್ಕೆ ಸಾಟಿಯಿಲ್ಲ. ಒಂದು ಬಾಕ್ಸಿಗೆ 15 ಕೆಜಿ ಟೊಮೆಟೊ, ಅದರ ಮೇಲೆ ಖಾಲಿ ಕ್ರೇಟಿನ ತೂಕ ಸೇರಿಸಿ ನೋಡಿದರೆ 1.7 ಟನ್ ಸಾಮರ್ಥ್ಯದ ಪಿಕಪ್‌ಗೆ ನ್ಯಾಯವಾಗಿ ಹಿಡಿಸುವುದು ನೂರರ ಆಸುಪಾಸಿನ ಬಾಕ್ಸುಗಳು. ಪಕ್ಕದ ಹಲಗೆ ಇಳಿದರೆ ಹಮಾಲರು ನಿಂತಲ್ಲಿಂದಲೇ ಎರಡು ಕಡೆಯಿಂದ ಇಳಿಸುತ್ತಾರೆ, ಹಣ್ಣು ಜಜ್ಜುವುದು ಕಡಿಮೆಯಾಗುತ್ತದೆ. ಹಿಂದೆ ಮಾತ್ರ ಬಾಗಿಲಿರುವ, ನೋಡಲು ಚೆಂದವಾದ, ಎರಡು ಸಾಲು ಸೀಟಿನ ಡಬಲ್ ಕ್ಯಾಬಿನ್ ಗಾಡಿಗಳಲ್ಲಿ ಒಬ್ಬರು ಬಗ್ಗಿ ಒಳಗೆ ನುಗ್ಗಿ ಕ್ರೇಟನ್ನು ಎಳೆದು ಕೊಡಬೇಕಾಗುತ್ತದೆ; ಟೊಮೆಟೊಗೂ ಬೆನ್ನಿಗೂ ಅದು ಒಳ್ಳೆಯದಲ್ಲ. ಹಗ್ಗ ಕಟ್ಟುವ ಕೊಕ್ಕೆಗಳು ಹಳೆಯ ಗಾಡಿಯಲ್ಲಿ ಹಲಗೆಯ ಉದ್ದಕ್ಕೂ ಒತ್ತೊತ್ತಾಗಿದ್ದವು. ಹೊಸದರಲ್ಲಿ ಮೂಲೆಗೊಂದರಂತೆ ಇವೆ, ತೆಳುವಾಗಿಯೂ ಇವೆ. ರೇಷ್ಮೆಗೂಡಿನಂಥ ಹಗುರ ಸರಕಿಗೆ ಟಾರ್ಪಾಲನ್ನು ಬಿಗಿಯಾಗಿಯೂ ಕಟ್ಟಬೇಕು, ಪಕ್ಕದಲ್ಲಿ ಗಾಳಿಯಾಡಲು ಸಂದಿಯನ್ನೂ ಬಿಡಬೇಕು, ಏಕೆಂದರೆ ಕಾವು ಮತ್ತು ತೇವ ಸೇರಿದರೆ ಗೂಡಿನ ಗುಣಮಟ್ಟ ಕೆಡುತ್ತದೆ, ಹರಾಜಿನಲ್ಲಿ ದರ ಬೀಳುತ್ತದೆ. ಕೊಕ್ಕೆ ಒತ್ತಾಗಿದ್ದರೆ ಮಾತ್ರ ಇವೆರಡೂ ಸಾಧ್ಯ. ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಹೊಸ ಗಾಡಿಗೆ ಗಟ್ಟಿ ಕೊಕ್ಕೆಗಳನ್ನು ಹಾಕಿಸಿಕೊಂಡಿದ್ದೇನೆ. ವೆಲ್ಡಿಂಗ್ ಮಾಡಿಸುವವರು ಮೊದಲು ಬ್ಯಾಟರಿಯ ತಂತಿಗಳನ್ನು ಬಿಚ್ಚಿಸಬೇಕು. ಈಗಿನ ಗಾಡಿಗಳ ಎಲೆಕ್ಟ್ರಾನಿಕ್ ಘಟಕಗಳು ವೆಲ್ಡಿಂಗ್ ಕರೆಂಟಿಗೆ ಸುಟ್ಟುಹೋಗಬಹುದು.

ಪರದೆ ಮುಟ್ಟಿ ಎಲ್ಲವನ್ನೂ ನಡೆಸುವ ಪದ್ಧತಿ ಪಿಕಪ್‌ಗಳಿಗೂ ಕಾಲಿಡುತ್ತಿದೆ. ಯುರೋಪಿನ ಸುರಕ್ಷತಾ ಪರೀಕ್ಷೆ ನಡೆಸುವ ಯುರೋ ಎನ್‌ಕ್ಯಾಪ್ ಸಂಸ್ಥೆ ಇಂಡಿಕೇಟರ್, ವೈಪರ್, ಹಾರ್ನ್, ಅಪಾಯದ ದೀಪದಂಥ ಮುಖ್ಯ ಕೆಲಸಗಳಿಗೆ ಕೈಗೆ ಸಿಗುವ ನಿಜವಾದ ಗುಂಡಿಗಳೇ ಇರಬೇಕೆಂಬುದನ್ನು 2026ರ ತನ್ನ ಅಂಕ ನೀಡಿಕೆಯಲ್ಲಿ ಸೇರಿಸಿದೆ. ಅಲ್ಲಿನ ಕಾರುಗಳಿಗೇ ಇದು ಬೇಕೆನಿಸಿದ ಮೇಲೆ, ಒದ್ದೆ ಕೈಯಲ್ಲಿ, ಗುಂಡಿ ಬಿದ್ದ ರಸ್ತೆಯಲ್ಲಿ, ಕಣ್ಣನ್ನು ದಾರಿಯಿಂದ ಕದಲಿಸದೆ ಓಡಿಸಬೇಕಾದ ನಮ್ಮ ಗಾಡಿಗಳಿಗೆ ಗುಂಡಿ ಮತ್ತು ಹಿಡಿಗಳೇ ತಕ್ಕವು ಎಂಬುದರಲ್ಲಿ ನನಗೆ ಸಂಶಯವಿಲ್ಲ.

ಹೊಸ ಪಿಕಪ್ ಕೊಳ್ಳಲು ಹೊರಟಿರುವವರಿಗೆ ನನ್ನದೊಂದು ಕೋರಿಕೆ. ಶೋರೂಮಿನಲ್ಲಿ ಬಾನೆಟ್ ಎತ್ತಿಸಿ ಡೀಸೆಲ್ ಫಿಲ್ಟರ್ ಬಳಿ ಕೈಪಂಪು ಇದೆಯೇ ಎಂದು ಕಣ್ಣಾರೆ ನೋಡಿ, ಶಾಖದ ಮೀಟರ್ ಯಾವ ಮಾದರಿಯಲ್ಲಿ ಸಿಗುತ್ತದೆ ಎಂದು ಕೇಳಿ, ಹಲಗೆಗಳನ್ನು ನೀವೇ ಇಳಿಸಿ ಏರಿಸಿ ನೋಡಿ. ಎಸಿ ಬೇಕೆಂದರೆ ಪವರ್ ವಿಂಡೋ ಇರುವ ಮೇಲ್ದರ್ಜೆಯ ಮಾದರಿಯನ್ನೇ ಕೊಳ್ಳಬೇಕೆಂದು ನನಗೆ ಹೇಳಿದ್ದರು. ಎಸಿಯೂ ತಿರುಗಿಸುವ ಹಿಡಿಯೂ ಒಟ್ಟಿಗಿರುವ ಗಾಡಿ ಬೇಕೆಂದು ಕೇಳುವವರ ಸಂಖ್ಯೆ ಹೆಚ್ಚಿದರೆ ಕಂಪನಿಗಳು ಅದನ್ನು ಕೊಡಬಲ್ಲವು, ಅದಕ್ಕೆ ಹೊಸ ತಂತ್ರಜ್ಞಾನವೇನೂ ಬೇಕಾಗಿಲ್ಲ.