ದುರಂತ ನಾಯಕರನ್ನು ಓದಿಸುವ ಮೈಸೂರಿನ ಭಾನುವಾರದ ತರಗತಿ: ಒಂದು ವಿಮರ್ಶೆ

ನಾಯಕನ ಸ್ವಭಾವದಲ್ಲಿರುವ ದೋಷವೇ ಅವನನ್ನು ಹೇಗೆ ಕೆಡಹುತ್ತದೆ ಎಂಬ ಒಂದೇ ಪ್ರಶ್ನೆಯನ್ನು ಹಿಡಿದು, ಗ್ರೀಕ್ ನಾಟಕದಿಂದ ಪಂಪ ರನ್ನರವರೆಗೆ ಕೆಲವು ಕೃತಿಗಳನ್ನು ಓದಿಸುವ ತರಗತಿಯೊಂದು ಮೈಸೂರಿನ ಸರಸ್ವತಿಪುರಂನ ಮನೆಯೊಂದರ ಮಹಡಿಯಲ್ಲಿ ಭಾನುವಾರ ಬೆಳಿಗ್ಗೆ ನಡೆಯುತ್ತದೆ. ಆರು ವಾರಗಳ ಓದಿಗೆ 1500 ರೂಪಾಯಿ ಶುಲ್ಕ. ಪಠ್ಯಗಳ ಜೆರಾಕ್ಸ್ ಪ್ರತಿ ಮತ್ತು ನಡುವಿನ ಕಾಫಿ ಅದರಲ್ಲೇ ಸೇರಿವೆ. ಇಂಗ್ಲಿಷ್ ಬೋಧಿಸಿ ನಿವೃತ್ತರಾದ ಮೇಷ್ಟರೊಬ್ಬರೂ ಹಳಗನ್ನಡ ಬಲ್ಲ ಮೇಡಂ ಒಬ್ಬರೂ ಸೇರಿ ಪಾಠ ಮಾಡುತ್ತಾರೆ. ಸೇರಬಹುದೇ ಎಂದು ವಿಚಾರಿಸುವವರಿಗೆ ನಾನು ಖಂಡಿತವಾಗಿ ಸೇರಿ ಎಂದೇ ಹೇಳುತ್ತೇನೆ. ಆದರೆ ಈ ತರಗತಿ ಎಲ್ಲಿ ಎತ್ತರಕ್ಕೇರಿತು, ಎಲ್ಲಿ ತಾನೇ ಹಿಡಿದ ಅಳತೆಗೋಲಿಗೆ ಸಿಕ್ಕಿಬಿದ್ದಿತು ಎಂಬುದನ್ನೂ ಹೇಳುವುದು ಅಗತ್ಯ.

ಮೊದಲ ವಾರ ಅರಿಸ್ಟಾಟಲ್‌ಗೆ ಮೀಸಲಾಗಿತ್ತು. ಪರಮ ಸಜ್ಜನನು ಬಿದ್ದರೆ ನಮಗೆ ಅಸಹ್ಯವಾಗುತ್ತದೆ, ದುಷ್ಟನು ಬಿದ್ದರೆ ಕರುಣೆ ಹುಟ್ಟುವುದಿಲ್ಲ, ಆದ್ದರಿಂದ ಇವರಿಬ್ಬರ ನಡುವೆ ನಿಂತವನು, ನೀಚತನದಿಂದಲ್ಲದೆ ಯಾವುದೋ ಒಂದು ತಪ್ಪಿನಿಂದ ಕೆಡುವುದೇ ಕರುಣೆಯನ್ನೂ ಭಯವನ್ನೂ ಹುಟ್ಟಿಸುತ್ತದೆ ಎಂಬ ಅವನ ವಾದವನ್ನು ಮೇಷ್ಟರು ಅರ್ಧ ಗಂಟೆಯಲ್ಲಿ ಸ್ಪಷ್ಟವಾಗಿ ಬಿಡಿಸಿಟ್ಟರು. ಇದೇ ಊರಿನ ಮಹಾರಾಜ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುತ್ತಿದ್ದ ಬಿ.ಎಂ.ಶ್ರೀ. ಅವರು ಗ್ರೀಕ್ ರುದ್ರನಾಟಕವನ್ನು ಕನ್ನಡಕ್ಕೆ ಒಗ್ಗಿಸಿದ ಬಗೆಯನ್ನು ಸ್ಮರಿಸಿ ಆ ದಿನದ ಪಾಠ ಮುಗಿಯಿತು.

ಈ ತರಗತಿಯ ನಿಜವಾದ ಸಂಪತ್ತು ಇರುವುದು ರನ್ನನ ಗದಾಯುದ್ಧದ ಪಾಠದಲ್ಲಿ. ಯುದ್ಧ ಮುಗಿಯುತ್ತ ಬಂದಿದೆ, ತಮ್ಮಂದಿರು ಸತ್ತಿದ್ದಾರೆ, ದುರ್ಯೋಧನನು ಸಂಜಯನೊಡನೆ ಹೆಣಗಳ ನಡುವೆ ದಾರಿ ಮಾಡಿಕೊಂಡು ಶರಶಯ್ಯೆಯ ಭೀಷ್ಮರನ್ನು ಕಾಣಲು ಹೊರಟಿದ್ದಾನೆ. ದಾರಿಯಲ್ಲಿ ಶತ್ರುವಿನ ಮಗನಾದ ಅಭಿಮನ್ಯುವಿನ ಕಳೇಬರವನ್ನು ಕಂಡು, ಆ ಹುಡುಗನ ಸಾಹಸಕ್ಕೆ ಕೈಮುಗಿದು, ಅಂಥ ಮರಣದ ಒಂದಂಶವಾದರೂ ತನಗೆ ಒದಗಲಿ ಎಂದು ಬೇಡುವ ದುರ್ಯೋಧನನನ್ನು ಖಳನೆಂದು ಕರೆದು ಮುಗಿಸಲು ಯಾರಿಗೂ ಸಾಧ್ಯವಿಲ್ಲ. ಮುಂದೆ ಕರ್ಣನ ಹೆಣದೆದುರು ನಿಂತು ಅವನು ಗೆಳೆಯನ ಜನ್ಮದ ಗುಟ್ಟನ್ನು ಯಾರು ಯಾರು ಬಲ್ಲರೆಂದು ಎಣಿಸುತ್ತಾನೆ. ಆ ಪಟ್ಟಿಯಲ್ಲಿ ಮೊದಲ ಹೆಸರು ತನ್ನದೇ. ಕರ್ಣನು ಕುಂತಿಯ ಮಗನೆಂದು ತಿಳಿದೂ ಅವನನ್ನು ಬಿಟ್ಟುಕೊಡದ ಸ್ನೇಹ ಅದು. ಮೇಡಂ ಈ ಪದ್ಯಗಳನ್ನು ಗಮಕದ ಧಾಟಿಯಲ್ಲಿ ಓದಿ, ಒಂದೊಂದು ಮಾತನ್ನೂ ಬಿಡಿಸಿ ಹೇಳುವಾಗ ಕೋಣೆಯಲ್ಲಿ ಯಾರೂ ಮಿಸುಕಲಿಲ್ಲ.

ಭೀಷ್ಮರು ಸಂಧಿಯ ಮಾತೆತ್ತಿದಾಗ ದುರ್ಯೋಧನ ಕೊಡುವ ಉತ್ತರದ ಮೇಲೆ ಇಡೀ ತರಗತಿ ನಿಂತಿದೆ ಎನ್ನಬಹುದು. "ನೆಲಕಿರಿವೆನೆಂದು ಬಗೆದಿರೆ, ಚಲಕಿರಿವೆಂ" (ನೆಲಕ್ಕಾಗಿ ಹೋರಾಡುತ್ತೇನೆಂದು ತಿಳಿದಿರಾ, ನಾನು ಹೋರಾಡುವುದು ಛಲಕ್ಕಾಗಿ) ಎನ್ನುವ ಆ ಪದ್ಯದ ಆರಂಭವನ್ನು ಎಲ್ಲರೂ ಉದ್ಧರಿಸುತ್ತಾರೆ; ಕರ್ಣನನ್ನು ಕೊಲ್ಲಿಸಿದ ಈ ನೆಲದೊಡನೆ ಮತ್ತೆ ಹೇಗೆ ಬಾಳಲಿ ಎಂದು ಕೇಳುವ ಅದರ ಕೊನೆಯನ್ನು ಮರೆಯುತ್ತಾರೆ. ಮೇಡಂ ಒತ್ತಿ ಹೇಳಿದ್ದು ಆ ಕೊನೆಯನ್ನೇ. ಅವನ ಹಟದೊಳಗೆ ಗೆಳೆತನವಿದೆ, ಗೆಳೆತನದೊಳಗೆ ಹಟವಿದೆ. ಒಂದನ್ನು ಕಿತ್ತರೆ ಇನ್ನೊಂದೂ ಹೋಗುತ್ತದೆ. ಭೀಷ್ಮರ ಸಲಹೆಯಂತೆ ಒಂದು ದಿನ ವೈಶಂಪಾಯನ ಸರೋವರದಲ್ಲಿ ಅಡಗಿದ್ದರೆ ನೆರವು ಬಂದು ಸೇರುತ್ತಿತ್ತು. ಭೀಮನ ಗರ್ಜನೆ ಕೇಳಿ ನೀರೊಳಗಿದ್ದೂ ಬೆವರಿದ ಅವನಿಗೆ, ಆ ಹೀಯಾಳಿಕೆಯನ್ನು ನುಂಗಿಕೊಂಡು ಕೂರುವ ಸ್ವಭಾವವೇ ಇರಲಿಲ್ಲ. ಎತ್ತರಕ್ಕೆ ಒಯ್ದ ಗುಣವೇ ಕೊಳದಿಂದ ಹೊರಗೆಳೆದು ಭೀಮನ ಗದೆಗೆ ಒಪ್ಪಿಸಿತು. ಹಾಗೆಂದು ಅವನನ್ನು ಬರಿಯ ಧೀರೋದಾತ್ತನನ್ನಾಗಿ ಮಾಡಲು ತರಗತಿ ಬಿಡಲಿಲ್ಲ. ಮಂಡ್ಯದಿಂದ ರೈಲಿನಲ್ಲಿ ಬರುತ್ತಿದ್ದ ಶಿಕ್ಷಕಿಯೊಬ್ಬರು, "ಮೇಡಂ, ಈ ಮನುಷ್ಯನೇ ಅಲ್ಲವೇ ತುಂಬಿದ ಸಭೆಗೆ ದ್ರೌಪದಿಯನ್ನು ಎಳೆತರಿಸಿದ್ದು?" ಎಂದು ಕೇಳಿದಾಗ, ರನ್ನನೂ ತನ್ನ ಕಾವ್ಯದ ಮೊದಲಲ್ಲೇ ದ್ರೌಪದಿಯ ನೋವನ್ನೂ ಭೀಮನ ಪ್ರತಿಜ್ಞೆಯನ್ನೂ ಇಟ್ಟಿರುವುದನ್ನು ತೋರಿಸಿ ಅವರು ಚರ್ಚೆಯನ್ನು ಮುಂದುವರಿಸಿದರು. ನಾಯಕನ ಮೇಲೆ ಕರುಣೆ ಮೂಡಿದ ಮಾತ್ರಕ್ಕೆ ಅವನಿಂದ ನೊಂದವರು ಮರೆಯಾಗಬಾರದೆಂಬ ಈ ಎಚ್ಚರ ನನಗೆ ಬಹಳ ಮುಖ್ಯವಾಗಿ ಕಂಡಿತು.

ಶೇಕ್ಸ್‌ಪಿಯರ್‌ನ ಮ್ಯಾಕ್‌ಬೆತ್‌ನ ಪಾಠವೂ ಚೆನ್ನಾಗಿತ್ತು. ಮಾಟಗಾತಿಯರು ರಾಜನಾಗುವೆ ಎಂದರೇ ಹೊರತು ಕೊಲೆ ಮಾಡು ಎನ್ನಲಿಲ್ಲ; ಡಂಕನ್ ತನ್ನ ಬಂಧು, ತನ್ನ ಅರಸ, ತನ್ನ ಮನೆಯ ಅತಿಥಿ ಎಂಬುದನ್ನು ಮ್ಯಾಕ್‌ಬೆತ್ ತಾನೇ ಲೆಕ್ಕ ಹಾಕಿ, ಮಹತ್ವಾಕಾಂಕ್ಷೆಯನ್ನು ಬಿಟ್ಟು ತನಗೆ ಬೇರೆ ಯಾವ ಪ್ರೇರಣೆಯೂ ಇಲ್ಲವೆಂದು ಒಪ್ಪಿಕೊಂಡು, ಆಮೇಲೆ ಕೊಲ್ಲುತ್ತಾನೆ. ತಿಳಿಯದೆ ಕೆಟ್ಟವನಿಗಿಂತ ತಿಳಿದೂ ಕೆಟ್ಟವನ ಕಥೆ ಏಕೆ ಹೆಚ್ಚು ಭಯ ಹುಟ್ಟಿಸುತ್ತದೆ ಎಂಬುದನ್ನು ಮೇಷ್ಟರು ಅದೊಂದು ಸ್ವಗತದಿಂದಲೇ ಮನಗಾಣಿಸಿದರು.

ನನ್ನ ಆಕ್ಷೇಪವಿರುವುದು ಕರ್ಣನ ಪಾಠದ ಬಗ್ಗೆ. ಪ್ರತಿ ನಾಯಕನಿಗೂ ಒಂದು ದೋಷವನ್ನು ಗುರುತಿಸಬೇಕೆಂಬ ಕ್ರಮಕ್ಕೆ ಕಟ್ಟುಬಿದ್ದು, ಕವಚ ಕುಂಡಲಗಳನ್ನು ಕೊಟ್ಟುಬಿಟ್ಟ ಅತಿಯಾದ ದಾನವೇ ಅವನ ದೋಷವೆಂದು ಮೇಷ್ಟರು ಹಲಗೆಯ ಮೇಲೆ ಬರೆದರು. ಹುಟ್ಟಿದೊಡನೆ ನೀರಿಗೆ ಬಿಟ್ಟ ತಾಯಿ, ಕುಲ ಕೇಳಿ ಹಂಗಿಸಿದ ಸಭೆ, ಪರಶುರಾಮರ ಶಾಪ, ಬೇಡುವ ವೇಷದಲ್ಲಿ ಬಂದ ಇಂದ್ರ, ನೆಲಕ್ಕಿಳಿದ ರಥದ ಗಾಲಿ ಇವನ್ನೆಲ್ಲ ಬದಿಗಿಟ್ಟು ದಾನವನ್ನು ತಪ್ಪೆನ್ನುವುದು, ಇತರರು ಮಾಡಿದ ಅನ್ಯಾಯದ ಹೊರೆಯನ್ನು ನೊಂದವನ ತಲೆಯ ಮೇಲೇ ಇಟ್ಟಂತೆ. ಕರ್ಣನಿಗೆ ದೋಷಗಳಿಲ್ಲವೆಂದಲ್ಲ. ಸಭೆಯಲ್ಲಿ ದ್ರೌಪದಿಯ ಬಗ್ಗೆ ಅವನಾಡಿದ ಮಾತು ಕ್ಷಮೆಗೆ ಅರ್ಹವಲ್ಲ. ಅದನ್ನೇ ಹಿಡಿದು ವಿಚಾರಿಸಬಹುದಿತ್ತು. ಪಂಪನ ಕರ್ಣನಂತೂ ಕೃಷ್ಣನಿಂದ ತನ್ನ ಹುಟ್ಟನ್ನು ತಿಳಿದ ಮೇಲೂ ದುರ್ಯೋಧನನನ್ನು ಬಿಡಲು ಒಪ್ಪುವುದಿಲ್ಲ. ಆ ನಿಷ್ಠೆ ದೋಷವೋ ಗುಣವೋ ಎಂಬ ಪ್ರಶ್ನೆಯನ್ನು ಎತ್ತಿದ್ದರೆ, ಭಾರತದಲ್ಲಿ ಕರ್ಣನನ್ನೇ ನೆನೆಯೆಂದು ಪಂಪ ಹೇಳಿದ್ದೇಕೆಂಬುದಕ್ಕೂ ದಾರಿ ತೆರೆಯುತ್ತಿತ್ತು.

ಇದು ಇನ್ನಷ್ಟು ಬೇಸರ ತಂದದ್ದು ಏಕೆಂದರೆ, ಅದಕ್ಕೆ ಹಿಂದಿನ ವಾರವಷ್ಟೇ ಗ್ರೀಕ್ ನಾಟಕದ ದೊರೆ ಈಡಿಪಸ್‌ನ ವಿಷಯದಲ್ಲಿ ಅದೇ ಮೇಷ್ಟರು ಎಷ್ಟೋ ಸೂಕ್ಷ್ಮವಾಗಿ ಮಾತನಾಡಿದ್ದರು. ದಾರಿ ಕೂಡುವಲ್ಲಿ ಸಿಟ್ಟಿನಿಂದ ಮುದುಕನೊಬ್ಬನನ್ನು ಕೊಂದದ್ದು, ಕುರುಡ ಕಾಲಜ್ಞಾನಿ ಟೈರೀಸಿಯಸ್‌ನನ್ನು ನಿಂದಿಸಿದ್ದು, ರಾಣಿ ಯೊಕಾಸ್ಟ ಬೇಡಿಕೊಂಡರೂ ವಿಚಾರಣೆ ನಿಲ್ಲಿಸದಿದ್ದು ಎಲ್ಲವೂ ಅವನ ಸ್ವಭಾವದ್ದೇ ಆದರೂ, ಅವನು ತಂದೆಯನ್ನೇ ಕೊಲ್ಲುವನೆಂಬ ಭವಿಷ್ಯವಾಣಿ ಅವನ ಹುಟ್ಟಿಗೂ ಮೊದಲಿನದು. ಸ್ಫಿಂಕ್ಸ್ ಎಂಬ ರಾಕ್ಷಸಿಯ ಒಗಟನ್ನು ಬಿಡಿಸಿ ಊರನ್ನು ಉಳಿಸಿದ ಬುದ್ಧಿಯೇ ಅವನ ಕಣ್ಣು ಕೀಳಿಸಿತು ಎಂದು ಹೇಳಿ, ದೋಷಕ್ಕೆ ಎಷ್ಟು ಪಾಲು, ವಿಧಿಗೆ ಎಷ್ಟು ಪಾಲು ಎಂಬುದನ್ನು ಅವರು ತೀರ್ಮಾನಿಸದೆ ಬಿಟ್ಟಿದ್ದರು. ಗ್ರೀಕ್ ನಾಯಕನಿಗೆ ತೋರಿದ ಈ ನ್ಯಾಯ ನಮ್ಮ ಕರ್ಣನಿಗೂ ಸಲ್ಲಬೇಕಿತ್ತು.

ಬಿ.ಎಂ.ಶ್ರೀ. ಅವರ 1929ರ 'ಅಶ್ವತ್ಥಾಮನ್' ನಾಟಕಕ್ಕೆ ಕೊನೆಯ ವಾರದಲ್ಲಿ ಉಳಿದದ್ದು ಮುಕ್ಕಾಲು ಗಂಟೆ ಮಾತ್ರ. ಗ್ರೀಕ್ ನಾಟಕಕಾರ ಸೊಫೊಕ್ಲಿಸ್‌ನ 'ಏಜಾಕ್ಸ್' ನಾಟಕವನ್ನು ಆಧಾರವಾಗಿಟ್ಟುಕೊಂಡು, ಚಿರಂಜೀವಿಯೆಂದು ಹೆಸರಾದವನನ್ನೇ ಸಾವಿಗೆ ತಂದು ನಿಲ್ಲಿಸಿದ ನಾಟಕ ಅದು. ಗ್ರೀಕ್ ದೃಷ್ಟಿಯೂ ಭಾರತದ ಕಥೆಯೂ ಎಲ್ಲಿ ಕೂಡುತ್ತವೆ, ಎಲ್ಲಿ ಒಡೆಯುತ್ತವೆ ಎಂಬುದನ್ನು ನೋಡಲು ಅದಕ್ಕಿಂತ ಒಳ್ಳೆಯ ಪಠ್ಯ ಸಿಗುವುದು ಕಷ್ಟ. ಮುಂದಿನ ತಂಡಕ್ಕೆ ಅರಿಸ್ಟಾಟಲ್‌ನ ವಾರದಲ್ಲೇ ಇನ್ನೊಂದು ನಾಟಕವನ್ನು ಶುರುಮಾಡಿ, ಇದಕ್ಕೆ ಪೂರ್ಣ ಒಂದು ಭಾನುವಾರ ಕೊಡಬೇಕೆಂದು ನಾನು ಇಬ್ಬರಲ್ಲೂ ವಿನಂತಿಸಿದ್ದೇನೆ.

ವ್ಯವಸ್ಥೆಯ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಮೆಟ್ಟಿಲು ಕಡಿದಾಗಿರುವುದರಿಂದ ಮಂಡಿನೋವಿರುವ ಹಿರಿಯರು ಮೊದಲೇ ತಿಳಿಸಿದರೆ ಕೆಳಗಿನ ಹಜಾರದಲ್ಲಿ ಕೂರಿಸುತ್ತಾರೆ. ಜೆರಾಕ್ಸ್ ಪ್ರತಿಗಳಲ್ಲಿ ಹಳಗನ್ನಡದ ಅಕ್ಷರ ಬಹಳ ಸಣ್ಣದಾಗಿದ್ದು, ಒತ್ತಕ್ಷರಗಳು ಕೆಲವೆಡೆ ಮಸಕಾಗಿವೆ. ಗದಾಯುದ್ಧದ ಅಚ್ಚಾದ ಪ್ರತಿಯೊಂದನ್ನು ಜೊತೆಗೆ ಒಯ್ಯುವುದು ಒಳ್ಳೆಯದು. ಹಳಗನ್ನಡ ಬಾರದೆಂದು ಹಿಂಜರಿಯುವವರು ಧೈರ್ಯವಾಗಿ ಹೋಗಬಹುದು, ಏಕೆಂದರೆ ಮೇಡಂ ಪ್ರತಿ ಪದ್ಯಕ್ಕೂ ಅನ್ವಯ ಹೇಳಿದ ಮೇಲಷ್ಟೇ ಚರ್ಚೆಗೆ ಇಳಿಯುತ್ತಾರೆ. ಮಧ್ಯಾಹ್ನ ಒಂದು ಗಂಟೆಗೆ ಮುಗಿಯುವುದೆಂದಿದ್ದರೂ ರನ್ನನ ವಾರಗಳಲ್ಲಿ ಅದು ಎರಡರವರೆಗೆ ಎಳೆಯುತ್ತದೆ. ಮಂಡ್ಯ, ಶ್ರೀರಂಗಪಟ್ಟಣದ ಕಡೆಯಿಂದ ಬರುವವರು ಹಿಂದಿರುಗುವ ರೈಲನ್ನು ಅದಕ್ಕೆ ತಕ್ಕಂತೆ ನೋಡಿಕೊಳ್ಳಬೇಕು.